ಮೊದಲ ಗುಂಡು ಬೀಗರದು

ಮನುಷ್ಯ ಈ ಭೂಮಿಯ ಮೇಲೆ ಯಾರಿಗೆ ಬೇಕಾದರೂ ‘ಇಲ್ಲ’ ಅನ್ನಬಹುದು. ಮೇಲಧಿಕಾರಿಗೆ ಅನ್ನಬಹುದು, ಸ್ವಲ್ಪ ಸುತ್ತಿ ಬಳಸಿ. ಡಾಕ್ಟರು ಹೇಳಿದ ವ್ಯಾಯಾಮಕ್ಕೆ ಅನ್ನಬಹುದು, ಬಾಯಲ್ಲಿ ಹೂಂ ಎಂದು ಮೈಯಲ್ಲಿ ಇಲ್ಲ ಎಂದು. ಹೆಂಡತಿಗೆ ಕೂಡ ಅನ್ನಬಹುದು, ಅವಳು ಕೇಳಿಸಿಕೊಳ್ಳದಿದ್ದರಾಯಿತು. ಆದರೆ ಬೀಗರಿಗೆ, ಅದರಲ್ಲೂ ಗಂಡಿನ ತಂದೆಗೆ, ಅದರಲ್ಲೂ ಮದುವೆ ಇನ್ನೂ ಆಗಬೇಕಾಗಿರುವಾಗ, ಹೆಣ್ಣಿನ ತಂದೆಯಾದವನು ‘ಇಲ್ಲ’ ಎಂದದ್ದನ್ನು ನಮ್ಮ ವಂಶದಲ್ಲಿ ಯಾರೂ ಕೇಳಿಲ್ಲ. ನನ್ನ ಅಕ್ಕನ ಮದುವೆಯಲ್ಲಿ ಬೀಗರು ಉಪ್ಪಿಟ್ಟಿನ ತಟ್ಟೆ ಮುಟ್ಟಿ ‘ಹೂಂ’ ಎಂದು ಸ್ವಲ್ಪ ಉದ್ದವಾಗಿ ಎಳೆದರು. ಅಷ್ಟೇ. ನಮ್ಮ ತಂದೆ ಇಡೀ ಹಂಡೆ ಉಪ್ಪಿಟ್ಟನ್ನು ಹಿತ್ತಲಿಗೆ ಸಾಗಿಸಿ ಹೊಸದಾಗಿ ಒಗ್ಗರಣೆ ಹಾಕಿಸಿದರು. ಅವರು ಎಳೆದದ್ದು ಹಲ್ಲಿನ ಸಂದಿಗೆ ಸಿಕ್ಕಿದ್ದ ಗೋಡಂಬಿಗಾಗಿ ಎಂದು ಆಮೇಲೆ ತಿಳಿಯಿತು. ಇಂಥ ರಕ್ತ ನನ್ನ ಮೈಯಲ್ಲಿ ಹರಿಯುತ್ತಿದೆ. ಇಷ್ಟನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ, ಧಾರವಾಡದಲ್ಲಿ ಹುಟ್ಟಿ, ಲಂಡನ್ನಿನ ಹೌನ್ಸ್ಲೋದಲ್ಲಿ ನೆಲೆಸಿ, ಮೊಟ್ಟೆ ಕೇಕಿನೊಳಗೆ ವೇಷ ಮರೆಸಿಕೊಂಡು ಬಂದರೂ ಮೂಸಿ ನೋಡುವ ನಾನು, ಕೈಯಲ್ಲಿ ಕೋವಿ ಹಿಡಿದು ಕಾಡುಹಂದಿಯ ಬೇಟೆಗೆ ಹೋದದ್ದು ಹೇಗೆ ಎಂಬುದು ಅರ್ಥವಾದೀತು.

ನನ್ನ ಬೀಗರು ಇಂಗ್ಲಿಷರು. ಹೆಸರು ಜೆಫ್ರಿ. ಕ್ರೋಯ್ಡನ್ನಿನಲ್ಲಿ, ಟ್ರಾಮಿನ ಹಳಿಗಳೂ ಆಫೀಸು ಕಟ್ಟಡಗಳೂ ಮುಗಿದು ಊರು ಒಮ್ಮೆ ಉಸಿರು ಬಿಡುವ ದಕ್ಷಿಣದ ಅಂಚಿನಲ್ಲಿ ಅವರ ಮನೆ. ಜಮೀನು ಅಳೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಮಾತನ್ನೂ ಹಾಗೇ ಅಳೆದು ಕೊಡುತ್ತಾರೆ, ಒಂದಿಂಚು ಹೆಚ್ಚಿಲ್ಲ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಒಬ್ಬನೇ ಮಗ ಆಲಿವರ್. ಹುಡುಗ ಚಿನ್ನದಂಥವನು. ಹೇಳದೆಯೇ ಬಾಗಿಲಲ್ಲಿ ಬೂಟು ಬಿಚ್ಚುತ್ತಾನೆ. ಜೋಳದ ರೊಟ್ಟಿಯನ್ನು ಫೋರ್ಕಿನಿಂದ ಇರಿಯಲು ಹೋಗಿ, ಸೋತು, ಈಗ ನಮಗಿಂತ ಚೆನ್ನಾಗಿ ಕೈಯಲ್ಲಿ ಮುರಿಯುತ್ತಾನೆ. ನನ್ನ ಮಗಳು ಗೌರಿ ಅವನನ್ನು ಮೆಚ್ಚಿದಾಗ ನಾನೂ ನನ್ನ ಹೆಂಡತಿ ಸುಮಿತ್ರಾಳೂ ಎರಡು ದಿನ ಗಂಭೀರವಾಗಿದ್ದು, ಮೂರನೆಯ ದಿನ ಸೌತ್‌ಹಾಲ್‌ನಲ್ಲಿ ಮದುವೆಯ ಹಾಲ್ ವಿಚಾರಿಸಲು ಹೋದೆವು.

ತಕರಾರು ಬಂದದ್ದು ಹಾಲ್‌ನ ವಿಷಯಕ್ಕಲ್ಲ, ಮಂಟಪದ ವಿಷಯಕ್ಕೆ. ಮದುವೆ ನಮ್ಮ ಪದ್ಧತಿಯಂತೆ. ಮಂಟಪದಲ್ಲಿ ಹುಡುಗನ ಪಕ್ಕ ಅವನ ಹಿರಿಯರು ಕೂರಬೇಕು. ಆಲಿವರ್‌ಗೆ ಹಿರಿಯರೆಂದರೆ ತಂದೆಯೊಬ್ಬರೇ. ಕೇಳಿದಾಗ ಜೆಫ್ರಿ, ‘ಅದು ನನ್ನಂಥವನಿಗೆ ಹೇಳಿದ್ದಲ್ಲ. ನಾನು ಹಿಂದಿನ ಸಾಲಿನಲ್ಲಿ ಸುಖವಾಗಿ ಕೂತಿರುತ್ತೇನೆ’ ಎಂದರಂತೆ. ಇನ್ನೊಮ್ಮೆ ಕೇಳಿದಾಗಲೂ ಅದೇ ಹಿಂದಿನ ಸಾಲು. ಗೌರಿ ನಮ್ಮ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತಳು. ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಳುವುದೂ ಇಂಗ್ಲಿಷಿನಲ್ಲೇ. ‘ಅಪ್ಪಾ, ಹಿ ಡಸಂಟ್ ವಾಂಟ್ ಮಿ’ ಎಂದಳು. ಆ ಮನುಷ್ಯ ತನ್ನೊಡನೆ ಹವಾಮಾನ ಬಿಟ್ಟು ಬೇರೇನನ್ನೂ ಮಾತಾಡಿಲ್ಲ, ತಾನು ಆ ಮನೆಯಲ್ಲಿ ಜೀವಮಾನವಿಡೀ ಅತಿಥಿಯಾಗಿಯೇ ಉಳಿಯುತ್ತೇನೆ ಎಂದು ಅವಳ ಸಂಕಟ. ಸುಮಿತ್ರಾ ನನ್ನ ಕಡೆ ನೋಡಿದಳು. ಮನೆಯಲ್ಲಿ ಬಲ್ಬು ಹೋದಾಗ ನೋಡುವ ನೋಟವೇ ಅದು.

ಹೀಗೆ ನಾವು ಒಂದು ಭಾನುವಾರ ಜೆಫ್ರಿಯವರ ಮನೆಗೆ ಊಟಕ್ಕೆ ಹೋದೆವು.  ಬಟಾಣಿಯನ್ನು ಫೋರ್ಕಿನ ಬೆನ್ನ ಮೇಲೆ ಏರಿಸುವ ವಿದ್ಯೆ ನನಗೆ ಇಂದಿಗೂ ಒಲಿದಿಲ್ಲ, ಹೀಗಾಗಿ ಊಟದ ತುಂಬ ಬಟಾಣಿ ಉರುಳುವ ಸದ್ದೊಂದು ಮಾತ್ರ. ಊಟವಾದ ಮೇಲೆ ಜೆಫ್ರಿ ಗಂಟಲು ಸರಿಮಾಡಿಕೊಂಡು ನನ್ನನ್ನು ಒಳಕೋಣೆಗೆ ಕರೆದೊಯ್ದರು. ಗೋಡೆಗೆ ಬಿಗಿದ ಉಕ್ಕಿನ ಕಪಾಟು ತೆರೆದು, ತೊಟ್ಟಿಲಿಂದ ಕೂಸನ್ನೆತ್ತುವಂತೆ ಒಂದು ಉದ್ದನೆಯ ಕೋವಿಯನ್ನು ಎತ್ತಿ ನನ್ನ ಎರಡೂ ಕೈಗಳ ಮೇಲಿಟ್ಟರು. ನಳಿಗೆಯ ಬಾಯಿಂದಲೇ ಮದ್ದು ತುಂಬಿ, ಗುಂಡು ಹಾಕಿ, ಕಡ್ಡಿಯಿಂದ ಜಡಿಯಬೇಕಾದ ಹಳೆಯ ಕಾಲದ ಕೇಪಿನ ಕೋವಿ. ಅವರ ಮುತ್ತಜ್ಜನದಂತೆ.

ಈಗ ನಾನು ಮಾಡಿದ ಕೆಲಸವನ್ನು ನಮ್ಮವರು ಯಾರಾಗಿದ್ದರೂ ಮಾಡುತ್ತಿದ್ದರು. ಮುತ್ತಜ್ಜನದು ಎಂದು ಹೇಳಿ ಒಬ್ಬರು ಕೈಗೆ ಏನನ್ನಾದರೂ ಕೊಟ್ಟರೆ, ಅದು ಪುಸ್ತಕವಾಗಲಿ, ತಕ್ಕಡಿಯಾಗಲಿ, ನಾವು ಯೋಚಿಸುವುದಿಲ್ಲ. ಕೈ ತಾನಾಗಿಯೇ ಮೇಲೆ ಹೋಗುತ್ತದೆ. ನಾನು ಕೋವಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಬಲಗಣ್ಣಿಗೊಮ್ಮೆ, ಎಡಗಣ್ಣಿಗೊಮ್ಮೆ. ಸಾಲದೆಂದು, ನಮ್ಮ ಅಜ್ಜನ ಮನೆಯಲ್ಲೂ ಇಂಥದೊಂದು ಇತ್ತು ಎಂದೆ. ಇತ್ತು, ಸುಳ್ಳಲ್ಲ. ಮಹಾನವಮಿಯ ದಿನ ಹೊಲಿಗೆ ಯಂತ್ರದ ಜೊತೆ, ಸೈಕಲ್ಲಿನ ಜೊತೆ ಅದಕ್ಕೂ ವಿಭೂತಿ ಬಳಿದು ಊದಿನಕಡ್ಡಿ ಬೆಳಗುತ್ತಿದ್ದರು. ಉಳಿದ ದಿನಗಳಲ್ಲಿ ಅದರ ಮೇಲೆ ಟವಲ್ ಒಣಗುತ್ತಿತ್ತು. ಅಷ್ಟನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಜೆಫ್ರಿಯವರ ಮುಖ ನೋಡಿ ನನ್ನ ಮಾತು ನಿಂತಿತು. ಆ ಕಲ್ಲಿನಂಥ ಮುಖದ ಮೇಲೆ ಏನೋ ಕರಗುತ್ತಿತ್ತು. ಈ ದೇಶದಲ್ಲಿ ಆ ಕೋವಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲವೆಂದು ಕಾಣುತ್ತದೆ. ಅವರು ನನ್ನಲ್ಲಿ ಯಾವುದೋ ಮಹಾ ಬೇಟೆಗಾರರ ಕುಲದ ಕುಡಿಯನ್ನು ಕಂಡಿದ್ದರು.

‘ಲಂಡನ್ನಿನ ಗಡಿಯಾಚೆ ನನ್ನ ಗೆಳೆಯನ ಫಾರ್ಮ್ ಇದೆ’ ಎಂದರು. ‘ಯಾರೋ ಸಾಕಿದ್ದ ಕಾಡುಹಂದಿಗಳು ಬೇಲಿ ಮುರಿದು ಅಲ್ಲಿನ ಕಾಡು ಸೇರಿವೆ. ಹೊಲ ಅಗೆದು ಹಾಕುತ್ತಿವೆ. ನಾನು ಆಗಾಗ ಕೋವಿ ಹಿಡಿದು ಹೋಗುವುದುಂಟು. ತಮಗೆ ಬಿಡುವಿದ್ದರೆ, ಬೇಸರವಿಲ್ಲದಿದ್ದರೆ, ಒತ್ತಾಯವೇನೂ ಇಲ್ಲ, ಹವೆ ಚೆನ್ನಾಗಿದ್ದರೆ, ಒಂದು ದಿನ ಬರಬಹುದೇನೋ.’

ಇಂಗ್ಲಿಷರ ಆಹ್ವಾನ ಎಂಥ ಸುಸಜ್ಜಿತ ಕಟ್ಟಡ ನೋಡಿ! ಹೊರಗೆ ಹೋಗಲು ಎಷ್ಟೊಂದು ಬಾಗಿಲು! ಬೇರೆ ಯಾರೇ ಆಗಿದ್ದರೂ ಒಂದರಿಂದ ನುಸುಳಿ ಪಾರಾಗುತ್ತಿದ್ದರು. ನಾನು ಹೆಣ್ಣಿನ ತಂದೆ. ಬಿಡುವಿದೆ ಎಂದೆ, ಬೇಸರವೆಲ್ಲಿಯದು ಎಂದೆ, ಹವೆ ಹೇಗಿದ್ದರೂ ಸರಿ ಎಂದೆ. ಒಂದೊಂದೇ ಬಾಗಿಲು ಮುಚ್ಚಿ ಒಳಗೆ ಕೂತುಬಿಟ್ಟೆ.

ಮನೆಗೆ ಬರುವ ದಾರಿಯಲ್ಲಿ ಸುಮಿತ್ರಾ ಶುರುಮಾಡಿದಳು. ‘ಏನ್ರೀ, ನಿಮಗ ಬುದ್ಧಿ ಗಿದ್ಧಿ ಅದ ಏನು? ಜಿರಳಿ ಕಂಡ್ರ ಕುರ್ಚಿ ಹತ್ತತೀರಿ, ಹಂದಿ ಹೊಡ್ಯಾಕ ಹೊಂಟೀರಿ? ಹೂಂ ಅಂತ ಯಾಕಂದ್ರಿ?’

‘ಬೀಗರು ಕೇಳಿದ್ರಲ್ಲ’ ಎಂದೆ.

 ಅವಳದೂ ಅದೇ ರಕ್ತ. ಸ್ವಲ್ಪ ದೂರ ಹೋದ ಮೇಲೆ, ‘ಹಂಗಾದ್ರ ಹೋಗಬೇಕು ಬಿಡ್ರಿ’ ಎಂದಳು. ‘ಆದ್ರ ಒಂದ್ ಮಾತು. ಹಂದಿ ಮೈಮ್ಯಾಲೆ ಬಂದ್ರ ಬೀಗರನ್ನ ಬಿಟ್ಟು ಓಡಿಬಂದೀರಿ ಮತ್ತ! ಓಡೂದಿದ್ರ ಅವರನ್ನ ಮುಂದ ಬಿಟ್ಟು ಹಿಂದಿಂದ ಓಡ್ರಿ.’

ಗೌರಿಗೆ ಫೋನಿನಲ್ಲಿ ಹೇಳಿದಾಗ ಅವಳು ಮೊದಲು ನಕ್ಕಳು. ‘ಅಪ್ಪಾ, ಯು? ಹಂದಿ?’ ಆಮೇಲೆ ಅವಳ ದನಿ ಸಣ್ಣಗಾಯಿತು. ಅವರು ಇದುವರೆಗೆ ಯಾರನ್ನೂ, ಸ್ವಂತ ಮಗನನ್ನು ಕೂಡ, ಆ ಕಾಡಿಗೆ ಕರೆದಿಲ್ಲವಂತೆ. ‘ಪ್ಲೀಸ್ ಅಪ್ಪಾ, ಹೋಗು. ಮಂಟಪದ ಮಾತು ನೀನೇ ಕೇಳು. ಅಂಡ್ ಪ್ಲೀಸ್, ಡೋಂಟ್ ಬಿ ವಿಯರ್ಡ್.’ ವಿಚಿತ್ರವಾಗಿ ಆಡಬೇಡ ಎಂಬ ಕೊನೆಯ ಷರತ್ತು ಬಹಳ ಕಠಿಣವಾದದ್ದು.

ಅಲ್ಲಿಂದ ನನಗೆ ಚಡಪಡಿಕೆ ಹತ್ತಿಕೊಂಡಿತು. ಕೂತರೆ ನಿಲ್ಲಬೇಕು, ನಿಂತರೆ ಎಲ್ಲಾದರೂ ಒರಗಬೇಕು. ಬಸ್‌ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಬಸ್ ಬರುತ್ತಿತ್ತು, ಬಾಗಿಲು ತೆರೆಯುತ್ತಿತ್ತು, ಡ್ರೈವರ್ ನನ್ನನ್ನು ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ, ಬಸ್ ಹೋಗುತ್ತಿತ್ತು. ಸರಕು ಸಾಗಿಸುವ ನಮ್ಮ ಕಚೇರಿಯಲ್ಲಿ ದುಬೈಗೆ ಹೋಗಬೇಕಾದ ಪೆಟ್ಟಿಗೆಗಳನ್ನು ಡಬ್ಲಿನ್ನಿಗೆ ಬರೆದೆ. ಹೌನ್ಸ್ಲೋದಲ್ಲಿ ವಿಮಾನಗಳು ತಲೆಯ ಮೇಲೆ ಹೋಗುವುದು ನಮಗೆ ಗಡಿಯಾರದ ಸದ್ದಿದ್ದಂತೆ, ಕೇಳಿಸುವುದೇ ಇಲ್ಲ. ಆದರೆ ಆ ದಿನಗಳಲ್ಲಿ ಒಂದೊಂದು ವಿಮಾನವೂ ಹಂದಿಯಂತೆ ಗುರುಗುಟ್ಟುತ್ತ ಇಳಿಯಿತು. ಹಂದಿಗಳ ವೀಡಿಯೋ ನೋಡಬಾರದಾಗಿತ್ತು, ನೋಡಿದೆ. ಅದಕ್ಕೆ ಕೋರೆಹಲ್ಲಿರುತ್ತದೆ, ಕುದುರೆಯಂತೆ ಓಡುತ್ತದೆ, ಕೋಪ ಬಂದರೆ ನೇರವಾಗಿ ಬರುತ್ತದೆ. ಕೇಪಿನ ಕೋವಿಯಾದರೋ ಒಂದು ಸಲ ಹಾರಿಸಿದರೆ ಮುಗಿಯಿತು. ಮತ್ತೆ ತುಂಬುವವರೆಗೆ ಹಂದಿ ಸಮಾಧಾನದಿಂದ ಕಾಯಬೇಕು. ಅದು ಕಾಯುತ್ತದೆಂದು ಯಾವ ವೀಡಿಯೋದಲ್ಲೂ ಹೇಳಿರಲಿಲ್ಲ.

ಇದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಗುರಿ ತಪ್ಪಿ ಹಂದಿಗೆ ತಾಗಿಬಿಟ್ಟರೆ? ನನ್ನ ಕೈಯಿಂದ ಒಂದು ಜೀವ ಹೋಗಿ, ಮಗಳ ಮದುವೆಗೆ ಮುಂಚೆ ಆ ಪಾಪ ಹೊತ್ತು ಮಂಟಪ ಹತ್ತುವುದೇ? ಹೊಡೆಯದಿದ್ದರೆ ಬೀಗರಿಗೆ ಅವಮಾನ, ಹೊಡೆದರೆ ಹಂದಿಗೆ ಅನ್ಯಾಯ. ದೇವರ ಮುಂದೆ ನಿಂತು ಕೈ ಮುಗಿದೆ. ಹಂದಿಗೂ ನನಗೂ ಇಬ್ಬರಿಗೂ ಒಳ್ಳೆಯದಾಗಲಿ ಎಂದು ಒಟ್ಟಿಗೆ ಕೇಳಿಕೊಂಡೆ. ಬೇರೆ ಬೇರೆ ಕೇಳಿಕೊಂಡರೆ ದೇವರಿಗೆ ಗೊಂದಲವಾದೀತು.

ಗೊತ್ತುಮಾಡಿದ ದಿನ ಬೆಳಿಗ್ಗೆ ಜೆಫ್ರಿ ಕ್ರೋಯ್ಡನ್ ಸ್ಟೇಷನ್ನಿನಿಂದ ನನ್ನನ್ನು ಕಾರಿನಲ್ಲಿ ಕರೆದೊಯ್ದರು. ಲಂಡನ್ನು ಮುಗಿಯುವುದು ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ಬೀದಿಯಲ್ಲಿ ಕಬಾಬಿನ ಅಂಗಡಿ, ಮುಂದಿನ ತಿರುವಿನಲ್ಲಿ ಕುರಿಗಳು. ಫಾರ್ಮಿನ ಹಿಂದಿನ ಕಾಡಿನ ಅಂಚಿನಲ್ಲಿ ಬಿದ್ದ ಮರವೊಂದರ ಮರೆಗೆ ಮಡಚುವ ಸ್ಟೂಲುಗಳ ಮೇಲೆ ಕೂತೆವು. ತುಂತುರು ಮಳೆ. ಜೆಫ್ರಿ ಸ್ಯಾಂಡ್‌ವಿಚ್ ಬಿಚ್ಚಿದರು. ‘ಚೀಸು, ಸೌತೆಕಾಯಿ. ಆಲಿವರ್ ಹೇಳಿದ್ದಾನೆ, ತಾವು ಮಾಂಸ ಮುಟ್ಟುವುದಿಲ್ಲವೆಂದು’ ಎಂದರು. ನಾನು ತಲೆ ಆಡಿಸಿದೆ. ಅವರು ಬಹಳ ಹೊತ್ತು ಯೋಚಿಸಿ, ‘ಬೇಟೆಯಾಡುತ್ತೀರಿ, ಆದರೆ ತಿನ್ನುವುದಿಲ್ಲ’ ಎಂದು ಮೆಲ್ಲಗೆ, ಯಾವುದೋ ಘನವಾದ ತತ್ತ್ವವನ್ನು ಕೇಳಿದವರಂತೆ ಉಸುರಿದರು. ನಾನು ಸೌತೆಕಾಯಿ ಅಗಿಯುತ್ತ ದೂರಕ್ಕೆ ನೋಡಿದೆ. ಮಂಟಪದ ಮಾತು ತುಟಿಯವರೆಗೆ ಬಂತು. ಚೀಸಿನ ಜೊತೆ ಒಳಗೆ ಹೋಯಿತು.

ಆಮೇಲೆ ಕೋವಿ ತುಂಬುವ ಪೂಜೆ. ಪೂಜೆ ಎಂಬ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ಮೊದಲು ಕೊಂಬಿನ ಪಾತ್ರೆಯಿಂದ ಕರಿಮದ್ದನ್ನು ಅಳತೆ ಮಾಡಿ ನಳಿಗೆಯ ಬಾಯಿಗೆ ನೈವೇದ್ಯ ಕೊಟ್ಟರು. ಎಣ್ಣೆ ಹಚ್ಚಿದ ಪುಟ್ಟ ಬಟ್ಟೆಯಲ್ಲಿ ಸೀಸದ ಗುಂಡನ್ನು ಕೂರಿಸಿ, ಉದ್ದನೆಯ ಕಡ್ಡಿಯಿಂದ ಒಳಗೆ ದಬ್ಬಿದರು. ನಡುವೆ ನಿಲ್ಲಿಸಿ ಕಿವಿಗೊಟ್ಟು ಕೇಳಿದರು. ಮತ್ತೆ ದಬ್ಬಿದರು. ಕೊನೆಗೆ ಕುಂಕುಮದ ಬೊಟ್ಟಿನಷ್ಟಗಲದ, ಮದ್ದಿಗೆ ಕಿಡಿ ಕೊಡುವ ಕೇಪನ್ನು ಕೋವಿಯ ಕುದುರೆಯ, ಅಂದರೆ ಅದನ್ನು ಬಡಿಯುವ ಪುಟ್ಟ ಸುತ್ತಿಗೆಯ, ಕೆಳಗೆ ಇಟ್ಟರು. ಇಷ್ಟಾಗುವಾಗ ಒಂದು ಮಾತಿಲ್ಲ. ನಮ್ಮ ಪುರೋಹಿತರು ಮೊಬೈಲಿನಲ್ಲಿ ಮಾತಾಡುತ್ತ ಗಣಪತಿಗೆ ಮಂಗಳಾರತಿ ಮಾಡುವುದನ್ನು ನೋಡಿ ಬೆಳೆದ ನನಗೆ ಆ ಶ್ರದ್ಧೆ ಕಂಡು ನಾಚಿಕೆಯಾಯಿತು.

ಮಾಡಿ ಮುಗಿಸಿ, ಕೋವಿಯನ್ನು ನನ್ನ ಕಡೆ ಚಾಚಿದರು. ‘ಅತಿಥಿ ತಾವು. ಮೊದಲ ಗುಂಡು ತಮ್ಮದು. ನಾನು ಪಕ್ಕದಲ್ಲೇ ಇರುತ್ತೇನೆ.’

ನಾನು ಬೆಚ್ಚಿದೆ. ಬೀಗರಿಗಿಂತ ಮೊದಲು ನಾನೇ? ಬೀಗರು ಕೈ ತೊಳೆಯುವ ಮೊದಲು ನೀರಿನ ತಂಬಿಗೆ ಮುಟ್ಟದ ವಂಶದಲ್ಲಿ ಹುಟ್ಟಿ? ‘ಛೇ ಛೇ, ಎಲ್ಲಾದರೂ ಉಂಟೇ! ತಾವು ಹಿರಿಯರು, ತಾವು ಮೊದಲು’ ಎಂದು ಕೋವಿಯನ್ನು ವಿನಯದಿಂದ ಹಿಂದಕ್ಕೆ ದೂಡಿದೆ.

‘ಇಲ್ಲ ಇಲ್ಲ, ನಾನು ಬಲವಂತ ಮಾಡುತ್ತೇನೆ.’

‘ದಯವಿಟ್ಟು, ತಾವು.’

‘ನಿಮ್ಮ ನಂತರವೇ ನಾನು.’

ಆಗಲೇ ಪೊದೆ ಅಲುಗಿತು. ಹಂದಿ ಬಂತು. ವೀಡಿಯೋದಲ್ಲಿ ನೋಡಿದ್ದಕ್ಕಿಂತ ಕಪ್ಪಗೆ, ಎಮ್ಮೆಕರುವಿನಷ್ಟು ಎತ್ತರ, ಮೂತಿಯ ತುಂಬ ಮಣ್ಣು. ನಮ್ಮೆದುರಿನ ಬಯಲಿನಲ್ಲಿ ನಿಂತು ತಲೆಯೆತ್ತಿತು. ನನ್ನ ಹೃದಯ ನಿಂತಿತು, ಉಪಚಾರ ನಿಲ್ಲಲಿಲ್ಲ. ಪಿಸುಮಾತಿನಲ್ಲಿ ಮುಂದುವರಿಯಿತು. ‘ತಾವು ಹೊಡೆಯಿರಿ.’ ‘ತಮ್ಮದೇ ಹಕ್ಕು.’ ‘ನನ್ನಿಂದ ಅಪಚಾರವಾದೀತು.’ ‘ನನಗೆ ಬೇಸರವಾದೀತು.’ ಮುತ್ತಜ್ಜನ ಕೋವಿ ತಾಂಬೂಲದ ತಟ್ಟೆಯಂತೆ ಇಬ್ಬರ ನಡುವೆ ಹೋಗುತ್ತ ಬರುತ್ತ ಇತ್ತು. ನಳಿಗೆಯನ್ನು ಮಾತ್ರ ಜೆಫ್ರಿ ಪ್ರತಿ ಸಲವೂ ಜಾಗ್ರತೆಯಿಂದ ಆಕಾಶದ ಕಡೆಗೇ ಇಟ್ಟಿದ್ದರು. ಹಂದಿ ನಮ್ಮನ್ನು ನೋಡಿತು. ಅದರ ಜೀವನದಲ್ಲಿ ಅದು ನಾಯಿಗಳನ್ನು ಕಂಡಿರಬಹುದು, ರೈತನ ಕೂಗಾಟ ಕೇಳಿರಬಹುದು. ಹೀಗೆ ತನ್ನನ್ನು ಕೊಲ್ಲುವ ಗೌರವವನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುವ ಇಬ್ಬರು ಮುದುಕರನ್ನು ಕಂಡಿರಲಾರದು. ಅದು ನೆಲವನ್ನು ಒಮ್ಮೆ ಕೆದರಿತು, ಏನೋ ಸಿಕ್ಕಿತು, ತಿಂದಿತು. ಯಾವ ಆತುರವೂ ಇಲ್ಲದೆ ತಿರುಗಿ ಪೊದೆಯೊಳಗೆ ಹೋಯಿತು.

ನಾನು ಉಸಿರು ಬಿಟ್ಟೆ. ಪಕ್ಕದಿಂದ ನನ್ನದಕ್ಕಿಂತ ಉದ್ದವಾದ ಉಸಿರೊಂದು ಕೇಳಿತು. ತಿರುಗಿ ನೋಡಿದೆ. ಜೆಫ್ರಿ ತಕ್ಷಣ ಮುಖದ ಮೇಲೆ ನಿರಾಸೆಯನ್ನು ತಂದುಕೊಂಡರು, ಆದರೆ ಸ್ವಲ್ಪ ತಡವಾಗಿತ್ತು. ‘ನೀವು ಇಲ್ಲಿ ಎಷ್ಟು ಹಂದಿ ಹೊಡೆದಿದ್ದೀರಿ?’ ಎಂದು ಕೇಳಿದೆ. ಅವರು ಕೋವಿಯ ಹಿಡಿಕೆಯನ್ನು ಒರೆಸಿದರು. ಟೋಪಿ ಸರಿಮಾಡಿಕೊಂಡರು. ‘ನಿಜ ಹೇಳಬೇಕೆಂದರೆ,’ ಎಂದರು, ‘ಸನ್ನಿವೇಶ ಇನ್ನೂ ಒದಗಿಲ್ಲ.’

ಆದರೆ ತುಂಬಿದ ಕೋವಿ ತುಂಬಿದ್ದೇ. ಬಾಯಿಂದ ನುಂಗಿದ ಮದ್ದನ್ನು ಬಾಯಿಂದಲೇ ಕಕ್ಕಿಸುವುದು ತಾಪತ್ರಯದ ಕೆಲಸವಂತೆ. ಸುರಕ್ಷಿತವಾದ ಕಡೆ ಹಾರಿಸಿ ಮುಗಿಸುವುದೇ ಲೇಸಂತೆ. ಎದುರಿಗೆ ಎತ್ತರದ ಮಣ್ಣಿನ ದಿಬ್ಬ. ಈ ಸಲ ನನ್ನ ‘ತಾವು ಮೊದಲು’ ಎಂಬುದನ್ನು ಅವರು ಒಪ್ಪಲಿಲ್ಲ. ಹಿಂದೆ ನಿಂತು ನನ್ನ ಹೆಗಲಿಗೆ ಕೋವಿ ಕೂರಿಸಿ, ಮೊಣಕೈ ಎತ್ತಿ ಹಿಡಿದು, ‘ಈಗ’ ಎಂದರು. ನಾನು ದೇವರನ್ನು ನೆನೆದು ಕಣ್ಣು ಮುಚ್ಚಿ ಬೆರಳು ಎಳೆದೆ. ಸಿಡಿಲು ಬಡಿದಂತಾಯಿತು. ಹೆಗಲಿಗೆ ಯಾರೋ ಒದ್ದಂತಾಗಿ ಹಿಂದಕ್ಕೆ ಹೋಗಿ ಬೀಗರ ಮೇಲೆ ಬಿದ್ದೆ. ಇಬ್ಬರೂ ಕೂಡಿ ಒದ್ದೆ ಎಲೆಗಳ ಮೇಲೆ ಬಿದ್ದೆವು. ಸುತ್ತ ದಟ್ಟವಾದ ಬಿಳಿ ಹೊಗೆ. ಅವರ ಮುಖ ನನಗೆ ಕಾಣದು, ನನ್ನದು ಅವರಿಗೆ ಕಾಣದು. ಹಾಳಾದ ಮೊಟ್ಟೆಯ ವಾಸನೆ. ಯಾರೋ ನಗುತ್ತಿದ್ದರು, ಅದು ಜೆಫ್ರಿ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮುಖ ಕಾಣದಿರುವಾಗ ಮನುಷ್ಯನಿಗೆ ಎಂಥ ಧೈರ್ಯ ಬರುತ್ತದೆ! ಆ ಹೊಗೆಯೊಳಗೆ ಕೂತು ಕೇಳಿಯೇಬಿಟ್ಟೆ. ‘ಮಂಟಪದಲ್ಲಿ ನಿಮ್ಮ ಮಗನ ಪಕ್ಕ ಯಾಕೆ ಕೂರುವುದಿಲ್ಲ? ನನ್ನ ಮಗಳು ನಿಮಗೆ ಇಷ್ಟವಿಲ್ಲವೆಂದು ಅಳುತ್ತಾಳೆ.’

ನಗು ನಿಂತಿತು. ‘ಅಳುತ್ತಾಳೆಯೇ?’ ಎಂದಿತು ಹೊಗೆ.  ಆಮೇಲೆ, ‘ಮೊಣಕಾಲು’ ಎಂದಿತು.

‘ಏನು?’

‘ನನ್ನ ಮೊಣಕಾಲು. ಮಡಿಸಲು ಬರುವುದಿಲ್ಲ. ಆಲಿವರ್ ನಿಮ್ಮ ಕಡೆಯ ಮದುವೆಯ ವೀಡಿಯೋ ತೋರಿಸಿದ. ಎಲ್ಲರೂ ನೆಲದ ಮೇಲೆ ಕಾಲು ಮಡಿಸಿ ಅಷ್ಟು ಹೊತ್ತು ಕೂತಿದ್ದರು. ನಾನು ಒಮ್ಮೆ ಕೂತರೆ ನಾಲ್ಕು ಜನ ಎತ್ತಬೇಕು. ಎಲ್ಲರೆದುರು, ಪಾಪ ಆ ಹುಡುಗಿಯ ಮದುವೆಯಲ್ಲಿ... ಹೇಳಿಕೊಳ್ಳುವ ವಿಷಯವಲ್ಲ.’

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ‘ಸ್ವಾಮಿ,’ ಎಂದೆ, ‘ನನಗೇ ಕಾಲು ಮಡಿಸಿ ಕೂರಲು ಬರುವುದಿಲ್ಲ. ಸೌತ್‌ಹಾಲ್‌ನ ಮದುವೆ ಹಾಲ್‌ನವರ ಹತ್ತಿರ ಕೆಂಪು ಮಖಮಲ್ಲಿನ ಕುರ್ಚಿಗಳಿವೆ. ಮಹಾರಾಜರು ಕೂರುವಂಥವು. ಕೈಗೆ ಸಿಂಹದ ತಲೆ ಬೇರೆ.’

‘ಕುರ್ಚಿಗೆ ಅವಕಾಶ ಉಂಟೇ?’ ಹೊಗೆ ತೆಳುವಾಗುತ್ತಿತ್ತು. ಮಸಿ ಮೆತ್ತಿದ ಒಂದು ಮುಖ ಮೂಡಿತು. ‘ಹಾಗಿದ್ದರೆ ನನಗೆ ಬಹಳ ಸಂತೋಷ’ ಎಂದಿತು. ಅಲ್ಲೇ ಎಲೆಗಳ ಮೇಲೆ ಕೂತು, ಗೌರಿಯ ಫೋನ್ ನಂಬರು ಕೊಡಿ ಎಂದರು. ಇಷ್ಟು ದಿನ ಅದನ್ನು ಕೇಳುವುದೂ ಅಧಿಕಪ್ರಸಂಗವಾದೀತೆಂದು ಸುಮ್ಮನಿದ್ದರಂತೆ. ಆಮೇಲೆ ನಾನು ಅವರನ್ನು ಎತ್ತಿದೆ, ಅವರು ನನ್ನನ್ನು ಎತ್ತಿದರು. ಇದರಲ್ಲಿ ಮೊದಲು ಯಾರು ಎಂಬ ಪ್ರಶ್ನೆ ಏಳಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಜೆಫ್ರಿ ರೇಷ್ಮೆಯ ಪೇಟ ಸುತ್ತಿಸಿಕೊಂಡು ಸಿಂಹದ ಕುರ್ಚಿಯಲ್ಲಿ ಸಿಂಹಕ್ಕಿಂತ ಗಂಭೀರವಾಗಿ ಕೂತರು. ಗೌರಿ ಅವರ ಕಾಲಿಗೆರಗಿದಾಗ ಏನು ಮಾಡಬೇಕೆಂದು ತಿಳಿಯದೆ ಅವಳ ಕೈ ಕುಲುಕಿ, ಆಮೇಲೆ ಅದನ್ನು ಬಿಡಲೇ ಇಲ್ಲ. ಊಟದ ನಂತರ ನಾಲ್ಕು ಮಾತಾಡಲು ಎದ್ದು ನಿಂತು, ತಮ್ಮ ಬೀಗರು ಎಂಥ ನಿಜವಾದ ಬೇಟೆಗಾರರೆಂದರೆ, ಕೈಗೆ ಸಿಕ್ಕ ಹಂದಿಗೆ ಪ್ರಾಣದಾನ ಮಾಡಿದರೆಂದು ಹೇಳಿದರು. ಧಾರವಾಡ, ಬೆಳಗಾವಿ, ವಿಜಯಪುರದ ಸಮಸ್ತ ಹೌನ್ಸ್ಲೋ ನಿವಾಸಿಗಳೂ ತಿರುಗಿ ನನ್ನನ್ನು ನೋಡಿದರು. ನಾನು ದೂರಕ್ಕೆ ನೋಡಿದೆ.

ಕಳೆದ ಶನಿವಾರ ಬೆಳಿಗ್ಗೆ ಮತ್ತೆ ಫೋನು. ಹಂದಿಗಳು ಮತ್ತೆ ಬಂದಿವೆಯಂತೆ. ಬಿಡುವಿದ್ದರೆ, ಬೇಸರವಿಲ್ಲದಿದ್ದರೆ, ಒತ್ತಾಯವೇನೂ ಇಲ್ಲವಂತೆ. ಸುಮಿತ್ರಾ ಅಡುಗೆಮನೆಯಿಂದ ಕೂಗಿದಳು: ‘ಮದುವಿ ಮುಗಿದದ, ಇನ್ನೇನು ಭಯ ನಿಮಗ? ಈಗರ ಇಲ್ಲ ಅಂತ ಹೇಳ್ರಿ. ಮಳಿ ನೋಡ್ರಿ ಹೊರಗ ಹೆಂಗದ!’ ನಾನು ಫೋನಿನಲ್ಲಿ, ಯಾವ ಟ್ರೇನಿಗೆ ಬರಲಿ ಎಂದು ಕೇಳಿದೆ. ಆಮೇಲೆ ಅವಳಿಗೆ, ಏನು ಮಾಡುವುದು, ಬೀಗರ ಮಾತು, ತೆಗೆದುಹಾಕಲು ಬರುವುದಿಲ್ಲ ಎಂದು ಬಹಳ ನೊಂದ ದನಿಯಲ್ಲಿ ವಿವರಿಸಿದೆ. ಅವಳು ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತು ನನ್ನ ಕಾಲುಗಳನ್ನೇ ನೋಡಿದಳು. ಫೋನು ಬರುವುದಕ್ಕಿಂತ ಬಹಳ ಮೊದಲೇ ನಾನು ಮಳೆಯ ಬೂಟು ಹಾಕಿಕೊಂಡು ಕೂತಿದ್ದೆ.